ಎರಿ ಭೂಮಿಯ ಮ್ಯಾಲ ಪಾಯಾ ಹಾಕೂ ಮುಂದ

(ಬೆಳ್ಳಿ ಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೀಜ, ಗೊಬ್ಬರ, ಸಾಲದ ಬಗ್ಗೆ ಅಧ್ಯಕ್ಷರು ಹೇಳಿದ್ದಾರೆ. ನಾನು ಮಣ್ಣಿನ ಬಗ್ಗೆ ನಾಲ್ಕು ಮಾತು ಹೇಳತೀನಿ. ನಮ್ಮ ಸಂಘದ ಹೊಸ ಗೋದಾಮಿಗೆ ನೋಡಿದ ಜಾಗಾ ಎರಿ ಐತಿ, ಅದಕ್ಕ ಈ ಮಾತು.

ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದಾಗ ಎರಿ ಅಂದರ ಬಿಳಿಜೋಳ, ಕಡಲಿ. ಡೋಣಿ ಬೆಳೆದರ ಓಣಿಯೆಲ್ಲಾ ಜೋಳ ಅಂತ ಹಿರಿಯರು ಅಂದದ್ದು ಈ ಮಣ್ಣಿಗೇ. ಬೆಳಿಗೆ ಚಲೋ, ಗ್ವಾಡಿಗೆ ಅಲ್ಲ. ಇದರೊಳಗಿನ ಜೇಡಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬ್ಯಾಸಿಗ್ಯಾಗ ಕುಗ್ಗಿ ಬಾಯಿ ಬಿಡುತ್ತದೆ. ಹೊಲದಾಗ ಕೈ ಹೋಗುವಷ್ಟು ಸೀಳು ದಿನಾ ನೋಡತೀವಿ. ಅದೇ ಮಣ್ಣು ಮನಿ ಕೆಳಗೂ ಐತಿ ಅನ್ನೂದು ಮರೀತೀವಿ.

ನಾನೂ ಮರೆತವನೇ. 2012ರಲ್ಲಿ ಹೊಲದಾಗ ಮನಿ ಕಟ್ಟಿಸಿದೆ. ಗೌಂಡಿ ಮೂರು ಫೂಟ ಪಾಯಾ ಸಾಕು ಅಂದ, ರೊಕ್ಕ ಉಳೀತಂತ ನಾನೂ ಹೂಂ ಅಂದೆ. ಎರಡನೇ ಬ್ಯಾಸಿಗ್ಯಾಗ ಮೂಲಿಯಿಂದ ಕಿಟಕಿ ತನಕ ಸೀಳು. ಸಿಮೆಂಟ ತುಂಬಿಸಿದೆ. ಮಳಿ ಬಂತು, ಬಾಗಿಲಾ ಚೌಕಟ್ಟಿಗೆ ಹಿಡೀತು. ಬಡಿಗ್ಯಾ ಬಂದು ಕೆತ್ತಿದ. ಮತ್ತ ಬ್ಯಾಸಿಗಿ, ಅದೇ ಬಾಗಿಲಕ್ಕ ಬೆರಳು ತೂರುವಷ್ಟು ಸಂದಿ! ಹಿಂಗ ನಾಲ್ಕು ವರ್ಷ. "ನಿಮ್ಮಪ್ಪನ ಮಣ್ಣಿನ ಮಾಳಿಗಿ ಹಂಗೇ ನಿಂತೈತಿ ನೋಡಪಾ" ಅಂದಳು ನಮ್ಮವ್ವ. ಅದು ನಿಂತದ್ದು ಮಡ್ಡಿಯ ಗರಸಿನ ಮ್ಯಾಲ. ಗೋಳಗುಮ್ಮಟದ ಪಾಯಾ ಕೂಡ ಬಂಡಿಯ ಮ್ಯಾಲೇ ಐತಿ.

2021, 2022ರಲ್ಲಿ ನೆಲ ನಡುಗಿದಾಗ ಎಲ್ಲ ಸೀಳಿಗೂ ಭೂಕಂಪ ಕಾರಣ ಅಂದವರು ಇದ್ದಾರೆ. ವರ್ಷಾ ಬ್ಯಾಸಿಗ್ಯಾಗ ತೆರೆದು ಮಳಿಗಾಲಕ್ಕ ಮುಚ್ಚೂ ಸೀಳು ಮಣ್ಣಿನದು. ಈಗ ಏತ ನೀರಾವರಿ ನೀರೂ ಬಂದೈತಿ. ಗ್ವಾಡಿಗೆ ಹತ್ತಿ ಕಬ್ಬಿಗೆ ನೀರು ಹಾಯಿಸಿದರ ಆ ಮಗ್ಗಲ ಹಸಿಯಾಗಿ ಏಳತೈತಿ, ಈ ಮಗ್ಗಲ ಒಣಗಿ ಕೂಡತೈತಿ. ಬಚ್ಚಲ ನೀರೂ ಅಷ್ಟೇ, ದೂರ ಒಯ್ಯಬೇಕು.

ಎರಿ ತೆಳುವಿದ್ದರೆ ಗರಸು ಸಿಗೂತನಕ ಅಗೆದು ಪಾಯಾ ಹಾಕಬೇಕು. ಆಳ ಇದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬಳಕೆಗೆ ತಂದ ಪೈಲ್ ಪದ್ಧತಿ ಐತಿ. ಸುಮಾರು 3.5 ಮೀಟರ್ ಆಳ ಕೊರೆದು, ತಳದಾಗ ಅಗಲ ಮಾಡಿ ಕಾಂಕ್ರೀಟ್ ತುಂಬೂದು. ಮ್ಯಾಲಿನ ಬೀಮಿನ ಕೆಳಗ ಮಣ್ಣು ಉಬ್ಬಾಕ ಸಂದಿ ಬಿಡೂದು. ಗೋದಾಮಿನ ನೆಲಕ್ಕ ಮುಂಬಯಿ ಐಐಟಿಯ ಪ್ರೊ. ಆರ್. ಕೆ. ಕಟ್ಟಿ ತೋರಿಸಿದ ಹಾದಿ ಐತಿ: ಎರಿ ಮ್ಯಾಲ ಉಬ್ಬದ ಮಣ್ಣಿನ ದಪ್ಪ ಥರ ಹಾಕಿ ದಮ್ಮಸು ಮಾಡೂದು.

ಮಣ್ಣಿನ ಪರೀಕ್ಷೆ ದೊಡ್ಡ ಮಾತಲ್ಲ. ಒಣಗಿಸಿದ ಹತ್ತು ಗ್ರಾಂ ಪುಡಿ ನೀರಿನ ಗಾಜಿನ ನಳಿಗೆಯಲ್ಲಿ, ಇನ್ನು ಹತ್ತು ಗ್ರಾಂ ಚಿಮಣಿ ಎಣ್ಣ್ಯಾಗ ಹಾಕಿ ಒಂದು ದಿನ ಬಿಡತಾರ. ಎಣ್ಣ್ಯಾಗ ಉಬ್ಬೂದಿಲ್ಲ. ನೀರಾಗಿಂದು ಎಷ್ಟು ಹೆಚ್ಚು ಉಬ್ಬೈತಿ ಅನ್ನೂದೇ ಲೆಕ್ಕ.

ಖರ್ಚು ಹೆಚ್ಚಾಗತೈತಿ ಅಂತ ಕೆಲವರಿಗೆ ಬೇಸರ ಐತಿ. ನೆಲ ಸೀಳಿ ಗೊಬ್ಬರದ ಚೀಲಕ್ಕ ತೇವ ಹತ್ತಿದರ ಹೋಗೂದು ನಿಮ್ಮ ಷೇರಿನ ರೊಕ್ಕ. ಅದಕ್ಕ ಪರೀಕ್ಷೆ ಆಗೂತನಕ ಪಾಯಾ ಪೂಜೆ ಬ್ಯಾಡ ಅಂತ ಮಂಡಳಿಗೆ ಕೇಳಿಕೊಂಡೀನಿ, ಒಪ್ಪಿದ್ದಾರೆ. ಬರೂ ಸೋಮವಾರ ಆ ಜಾಗಾದಾಗ ತೆಗ್ಗು ತೋಡಸತೀವಿ. ಗರಸು ಎಷ್ಟು ಆಳಕ್ಕ ಸಿಗತೈತಿ, ಬಂದು ನೋಡ್ರಿ. ಸಣ್ಣ ಹುಡುಗರನ್ನ ಮಾತ್ರ ದಂಡಿಗೆ ಬಿಡಬ್ಯಾಡ್ರಿ, ಎರಿ ಕುಸೀತೈತಿ.