ನೂರು ರೂಪಾಯಿಯ ಸುತ್ತೋಲೆ



2022ರ ಅಕ್ಟೋಬರಿನಲ್ಲಿ ನಮ್ಮ ಕರ್ನಾಟಕದ ಶಿಕ್ಷಣ ಇಲಾಖೆಯಿಂದ ಒಂದು ಸುತ್ತೋಲೆ ಹೊರಟಿತು. ಸರ್ಕಾರಿ ಶಾಲೆಗಳ ಎಸ್‌ಡಿಎಂಸಿಗಳು (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು) ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದು, ಶಾಲೆಯ ಸಣ್ಣಪುಟ್ಟ ಖರ್ಚಿಗೆ ಅದನ್ನು ಬಳಸಬಹುದು ಎಂಬುದು ಅದರ ಸಾರ. ಇಷ್ಟವಿದ್ದವರು ಕೊಡಲಿ, ಬಲವಂತ ಇಲ್ಲ ಎಂಬ ಮಾತೂ ಇತ್ತು. ಆದರೂ ಗದ್ದಲವೆದ್ದಿತು. ಉಚಿತ ಶಿಕ್ಷಣ ಎಂದು ಕಾನೂನು ಮಾಡಿ, ಕೂಲಿ ಮಾಡುವ ತಾಯಿಯ ಮುಂದೆ ರಸೀದಿ ಪುಸ್ತಕ ಹಿಡಿಯುವುದು ಯಾವ ನ್ಯಾಯ ಎಂದು ಜನ ಕೇಳಿದರು. ಕೆಲವೇ ದಿನಗಳಲ್ಲಿ ಇಲಾಖೆ ಅದನ್ನು ಹಿಂದಕ್ಕೆ ಪಡೆಯಿತು. ಆಗ ಬಿ.ಸಿ. ನಾಗೇಶ್ ಅವರು ಶಿಕ್ಷಣ ಸಚಿವರು.

ಸುತ್ತೋಲೆಯೇನೋ ಹಿಂದೆ ಹೋಯಿತು. ಅದು ಯಾವ ಖರ್ಚಿನ ಸಲುವಾಗಿ ಹೊರಟಿತ್ತೋ ಆ ಖರ್ಚು ಶಾಲೆಯಲ್ಲೇ ಕೂತಿತು. ಇವತ್ತಿನ ಮಾತು ಆ ಖರ್ಚಿನದು.

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆಯಂಥ ಜಾಗದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯನ್ನು ಮನಸ್ಸಿಗೆ ತಂದುಕೊಳ್ಳಿ. 240 ಮಕ್ಕಳಿದ್ದಾರೆ ಅಂತಿಟ್ಟುಕೊಳ್ಳೋಣ. ಸೀಮೆಸುಣ್ಣ, ಹಾಜರಿ ಪುಸ್ತಕ, ಪೊರಕೆ, ಫಿನಾಯಿಲ್, ಕೆಟ್ಟ ನಲ್ಲಿ, ಉರಿದುಹೋದ ಬಲ್ಬು, ಸೋರುವ ತಾರಸಿಗೆ ತೇಪೆ, ಇಂಥವಕ್ಕೆಲ್ಲ ಹಣ ಬರುವುದು ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನದಿಂದ. ಈ ಯೋಜನೆಯಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು 40. ಅನುದಾನದ ಲೆಕ್ಕ ಮಕ್ಕಳ ಸಂಖ್ಯೆಯ ಮೇಲೆ: 30ರವರೆಗೆ ವರ್ಷಕ್ಕೆ 10 ಸಾವಿರ, 100ರವರೆಗೆ 25 ಸಾವಿರ, 250ರವರೆಗೆ 50 ಸಾವಿರ, ಸಾವಿರದವರೆಗೆ 75 ಸಾವಿರ, ಅದಕ್ಕೂ ಮೇಲಾದರೆ ಒಂದು ಲಕ್ಷ. ಇದರಲ್ಲಿ ಕನಿಷ್ಠ ಹತ್ತನೇ ಒಂದು ಪಾಲು ಸ್ವಚ್ಛತೆಗೆಂದೇ ಮೀಸಲು.

ನಮ್ಮ ಶಾಲೆಗೆ ಬಂದದ್ದು 50 ಸಾವಿರ. ಮಗುವಿಗೆ ವರ್ಷಕ್ಕೆ 208 ರೂಪಾಯಿ, ತಿಂಗಳಿಗೆ ಹದಿನೇಳು ರೂಪಾಯಿ ಚಿಲ್ಲರೆ. ಇನ್ನೊಂದು ವಿಚಿತ್ರ ನೋಡಿ. 101 ಮಕ್ಕಳಿರುವ ಶಾಲೆಗೂ ಅಷ್ಟೇ ಹಣ, 250 ಮಕ್ಕಳಿರುವ ಶಾಲೆಗೂ ಅಷ್ಟೇ. ಇನ್ನೊಂದೇ ಒಂದು ಮಗು ಸೇರಿ 251 ಆದರೆ ಒಮ್ಮೆಗೇ 25 ಸಾವಿರ ಹೆಚ್ಚು. ಗೊಟ್ಟಿಗೆರೆಯ ಸುತ್ತ ಕಟ್ಟಡ ಕೆಲಸ ನಡೆದಷ್ಟು ಕಾಲ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಕುಟುಂಬಗಳು ಬರುತ್ತವೆ, ಕೆಲಸ ಮುಗಿದರೆ ಗಂಟುಮೂಟೆ ಕಟ್ಟುತ್ತವೆ. ವರ್ಷದ ನಡುವೆ ಮಕ್ಕಳು ಸೇರುತ್ತಾರೆ, ಬಿಡುತ್ತಾರೆ. ಅನುದಾನವಾದರೋ ಶಾಲೆಗಳ ಅಂಕಿಅಂಶದ ಯು-ಡೈಸ್ ಪಟ್ಟಿಯಲ್ಲಿ ಆಗಲೇ ದಾಖಲಾದ ಸಂಖ್ಯೆಯನ್ನು ನಂಬುತ್ತದೆ. ಹೊಸದಾಗಿ ಬಂದ ಇಪ್ಪತ್ತು ಮಕ್ಕಳು ಬೆಂಚಿನ ಮೇಲೆ ಕೂತಿರುತ್ತಾರೆ, ಅನುದಾನದ ಲೆಕ್ಕದಲ್ಲಿ ಇನ್ನೂ ಕಾಣಿಸಿಕೊಂಡಿರುವುದಿಲ್ಲ.

ಈ 50 ಸಾವಿರದ ದರ ಬಂದದ್ದು 2018ರಲ್ಲಿ, ಸಮಗ್ರ ಶಿಕ್ಷಣ ಶುರುವಾದಾಗ. ಆಗಿನ ಫಿನಾಯಿಲ್ ಬೆಲೆ ಎಷ್ಟಿತ್ತು, ಪ್ಲಂಬರನ ಒಂದು ದಿನದ ಕೂಲಿ ಎಷ್ಟಿತ್ತು, ಈಗ ಎಷ್ಟಾಗಿದೆ ಎಂಬುದನ್ನು ಮನೆ ನಡೆಸುವ ಕೇಳುಗರಿಗೆ ನಾನು ಹೇಳಬೇಕಾಗಿಲ್ಲ.

ಸರ್ಕಾರದ ಕೈ ಬಿಗಿಯಾದಾಗ ಆಗುವುದು ಹೀಗೆಯೇ. ವಿತ್ತೀಯ ಹೊಣೆಗಾರಿಕೆಯ ಕಾಯ್ದೆಯನ್ನು 2002ರಲ್ಲಿ ದೇಶದಲ್ಲೇ ಮೊದಲು ತಂದ ರಾಜ್ಯ ನಮ್ಮದು. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ನೂರಕ್ಕೆ 3ರ ಒಳಗೇ ಇರಬೇಕು ಎಂಬ ಗೆರೆ ಎಳೆದುಕೊಂಡು ಬದುಕುತ್ತಿದ್ದೇವೆ. ಆ ಗೆರೆಯೊಳಗೆ ಸಂಬಳ, ಪಿಂಚಣಿ, ಸಾಲದ ಬಡ್ಡಿ ಇವು ಮೊದಲು ಕೂತುಬಿಡುತ್ತವೆ. 2025-26ರ ಬಜೆಟ್ಟಿನ ಗಾತ್ರ 4,09,549 ಕೋಟಿ. ಅದರಲ್ಲಿ ಶಿಕ್ಷಣಕ್ಕೆ 45,286 ಕೋಟಿ, ಅಂದರೆ ನೂರಕ್ಕೆ ಸುಮಾರು 11. ಕೇಳಿದರೆ ದೊಡ್ಡ ಮೊತ್ತವೇ. ಆದರೆ ಶಿಕ್ಷಣದ ಹಣದ ಬಹುಪಾಲು ಸಂಬಳಕ್ಕೆ ಹೋಗುತ್ತದೆ. 2024ರ ಆಗಸ್ಟಿನಿಂದ ಏಳನೇ ವೇತನ ಆಯೋಗದ ಶಿಫಾರಸು ಜಾರಿಯಾದ ಮೇಲೆ ಆ ಪಾಲು ಇನ್ನೂ ದಪ್ಪವಾಯಿತು. ಮೇಷ್ಟರಿಗೆ ಸಂಬಳ ಹೆಚ್ಚಾದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಬಜೆಟ್ಟಿನಲ್ಲಿ ಶಿಕ್ಷಣಕ್ಕೆ ಹಣ ಏರಿತು ಎಂದು ಓದಿದಾಗ, ಆ ಏರಿಕೆ ಶಾಲೆಯ ಬಾಗಿಲವರೆಗೆ ಬಂತೇ ಎಂದು ಬೇರೆಯಾಗಿ ನೋಡಬೇಕಾಗುತ್ತದೆ, ಅಷ್ಟೆ.

ಹಾಗಾಗಿ ಕಡಿತ ಮಾಡಿದ್ದೇವೆಂದು ಯಾವ ಮಂತ್ರಿಯೂ ಸದನದಲ್ಲಿ ಎದ್ದು ನಿಂತು ಹೇಳುವ ಪ್ರಸಂಗ ಬರುವುದಿಲ್ಲ. ದರಕ್ಕೆ ಕೈ ಹಚ್ಚದೆ ಬಿಟ್ಟರೆ ಸಾಕು, ಉಳಿದದ್ದನ್ನು ಮಾರುಕಟ್ಟೆಯೇ ನೋಡಿಕೊಳ್ಳುತ್ತದೆ. ಮಕ್ಕಳ ಶೂ ವಿಚಾರ ತೆಗೆದುಕೊಳ್ಳಿ. ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಕಾಲುಚೀಲ. ಇದಕ್ಕೆ ಒಂದರಿಂದ ಐದನೇ ತರಗತಿಯ ಮಗುವಿಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295, ಒಂಬತ್ತು-ಹತ್ತಕ್ಕೆ 325 ಎಂದು ಹಲವು ವರ್ಷ ಅದೇ ದರ ನಡೆದುಕೊಂಡು ಬಂತು. ಖರೀದಿಸುವ ಹೊಣೆ ಎಸ್‌ಡಿಎಂಸಿಯದು. ಮುಖ್ಯ ಶಿಕ್ಷಕರು ಅಂಗಡಿ ಅಂಗಡಿ ಸುತ್ತಿ ಚೌಕಾಸಿ ಮಾಡಬೇಕು, ಶೂ ವರ್ಷಪೂರ್ತಿ ಬಾಳಿಕೆಯೂ ಬರಬೇಕು. ಬನ್ನೇರುಘಟ್ಟ ರಸ್ತೆಯ ಯಾವುದಾದರೂ ಅಂಗಡಿಯಲ್ಲಿ 265ಕ್ಕೆ ಒಂದು ಜೊತೆ ಕೇಳಿ ನೋಡಿ.

ಎಂಟನೇ ತರಗತಿ ಮಕ್ಕಳಿಗೆ 2006-07ರಿಂದ ಬರುತ್ತಿದ್ದ ಸೈಕಲ್ಲೂ ಹೀಗೆಯೇ. ಕೋವಿಡ್ ವರ್ಷದಲ್ಲಿ ನಿಂತದ್ದು ಆಮೇಲೂ ನಿಂತೇ ಹೋಯಿತು.

ಇಲ್ಲಿ ಒಂದು ಸುಲಭದ ವಾದ ಕೇಳಿಬರುತ್ತದೆ. ಎಲ್ಲಾ ದುಡ್ಡು ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳಿಗೆ ಹೋಯಿತು, ಶಾಲೆಗೆ ಎಲ್ಲಿ ಉಳಿದೀತು ಅಂತ. 2025-26ರಲ್ಲಿ ಗ್ಯಾರಂಟಿಗಳಿಗೆ 51,034 ಕೋಟಿ ಇಟ್ಟರು, ಅದು ಶಿಕ್ಷಣದ ಒಟ್ಟು ಹಣಕ್ಕಿಂತ ಹೆಚ್ಚು ಎಂಬುದು ನಿಜ. ಆದರೆ ತಾರೀಖು ನೋಡಿ. ಗ್ಯಾರಂಟಿ ಬಂದದ್ದು 2023ರಲ್ಲಿ. ಶಾಲಾ ಅನುದಾನದ ಆ 50 ಸಾವಿರದ ದರ 2018ರದು, ಸೈಕಲ್ ನಿಂತದ್ದು 2020ರಲ್ಲಿ, ನೂರು ರೂಪಾಯಿ ಸುತ್ತೋಲೆ 2022ರದು. ರೋಗ ಹಳೆಯದು, ಪಕ್ಷಕ್ಕೆ ಪಕ್ಷ ದಾಟಿಕೊಂಡು ಬಂದದ್ದು. ಗ್ಯಾರಂಟಿಗಳ ಗದ್ದಲದ ನಡುವೆಯೇ 2023ರ ನವೆಂಬರ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು, ನೀರು ಉಚಿತ ಎಂದು ಪ್ರಕಟಿಸಿದರು. ಪತ್ರಿಕೆಗಳಲ್ಲಿ ಒಂದು ದಿನದ ಸುದ್ದಿ ಅದು. ನನ್ನ ಮಟ್ಟಿಗೆ ಅಂದಿನಿಂದ ಇಂದಿನವರೆಗೆ ಮುಖ್ಯ ಶಿಕ್ಷಕರಿಗೆ ಸಿಕ್ಕ ದೊಡ್ಡ ಉಪಕಾರ ಅದೇ, ಏಕೆಂದರೆ ಕರೆಂಟ್ ಬಿಲ್ಲು ಕಟ್ಟುತ್ತಿದ್ದುದೂ ಅದೇ ಐವತ್ತು ಸಾವಿರದಿಂದ.

ಇನ್ನು ಶಾಲೆಯ ಕಸ ಗುಡಿಸುವವರು ಯಾರು? ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸಾಮಾನ್ಯವಾಗಿ ಆ ಹುದ್ದೆಯೇ ಇಲ್ಲ. 2023ರ ಡಿಸೆಂಬರಿನಲ್ಲಿ ಬೆಂಗಳೂರಿನದೇ ಒಂದು ಸರ್ಕಾರಿ ಶಾಲೆಯಲ್ಲಿ ಮಕ್ಕಳ ಕೈಯಲ್ಲಿ ಶೌಚಾಲಯ ತೊಳೆಸಿದ ದೃಶ್ಯ ಎಲ್ಲ ಕಡೆ ಹರಿದಾಡಿತು, ಮುಖ್ಯ ಶಿಕ್ಷಕಿ ಅಮಾನತಾದರು. ಮಕ್ಕಳಿಂದ ಆ ಕೆಲಸ ಮಾಡಿಸಿದ್ದನ್ನು ಯಾರೂ ಒಪ್ಪಲಾರರು. ಆದರೆ ಅಮಾನತಿನ ಆದೇಶದ ಜೊತೆಗೆ ಶೌಚಾಲಯ ತೊಳೆಯುವವರ ಕೂಲಿ ಎಲ್ಲಿಂದ ಕೊಡಬೇಕೆಂಬ ಆದೇಶವೂ ಹೊರಟಿದ್ದರೆ ಚೆನ್ನಾಗಿತ್ತು.

ಗೊಟ್ಟಿಗೆರೆಯ ಮಟ್ಟಿಗೆ ಇನ್ನೊಂದು ತೊಡಕಿದೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆದಾಗ ಸುತ್ತಲಿನ ನೂರಕ್ಕೂ ಹೆಚ್ಚು ಹಳ್ಳಿಗಳು ನಗರದೊಳಕ್ಕೆ ಬಂದವು, ಗೊಟ್ಟಿಗೆರೆಯೂ ಅದರಲ್ಲೊಂದು. ಹಳ್ಳಿಯ ಶಾಲೆಗಾದರೆ ಗ್ರಾಮ ಪಂಚಾಯಿತಿ ಎಂಬ ಒಂದು ಬಾಗಿಲಿರುತ್ತದೆ. ರಾಜ್ಯದ ಉದ್ದಗಲಕ್ಕೂ ಗ್ರಾಮೀಣ ಉದ್ಯೋಗ ಖಾತ್ರಿಯ (ನರೇಗಾ) ಹಣದಲ್ಲಿ ಶಾಲೆಗಳಿಗೆ ಕಾಂಪೌಂಡು, ಶೌಚಾಲಯ, ಆಟದ ಮೈದಾನ, ಅಡುಗೆ ಕೋಣೆ ಕಟ್ಟಿದ್ದಾರೆ. ನಗರಕ್ಕೆ ನರೇಗಾ ಬರಲಿಲ್ಲ. ಪಾಲಿಕೆಗೆ ತನ್ನದೇ ಶಾಲೆಗಳಿದ್ದವು, ಶಿಕ್ಷಣ ಇಲಾಖೆಯ ಶಾಲೆ ಅದರ ಹೊಣೆಯಾಗಿರಲಿಲ್ಲ. ಊರು ಬೆಳೆಯಿತು, ಸೈಟಿನ ಬೆಲೆ ಮುಗಿಲಿಗೇರಿತು, ಶಾಲೆಗಿದ್ದ ಒಂದು ಬಾಗಿಲು ಮುಚ್ಚಿತು.

ಆ ಜಾಗಕ್ಕೆ ಬಂದದ್ದು ಕಂಪನಿಗಳ ಸಿಎಸ್ಆರ್ ಹಣ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಬನ್ನೇರುಘಟ್ಟ ರಸ್ತೆಯಲ್ಲಿ ಕಂಪನಿಗಳಿಗೆ ಬರವಿಲ್ಲ. ಒಳ್ಳೆಯ ಕೆಲಸ ಆಗಿಲ್ಲವೆಂದಲ್ಲ. ಆದರೆ ಶನಿವಾರ ಟೀ ಶರ್ಟ್ ಹಾಕಿಕೊಂಡು ಬಂದು ಗೋಡೆಗೆ ಚಿಟ್ಟೆ, ಜಿರಾಫೆ ಬರೆದು ಫೋಟೋ ತೆಗೆಸಿಕೊಂಡು ಹೋಗುವವರು ಸಿಗುತ್ತಾರೆ. ವರ್ಷವಿಡೀ ಫಿನಾಯಿಲ್ ಕೊಡಿಸುವವರು ಸಿಗುವುದಿಲ್ಲ, ಫಿನಾಯಿಲ್ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಲ್ಲ! ಇನ್ನು ಕಂಪನಿಯೇ ಇಲ್ಲದ ಸುರಪುರ, ದೇವದುರ್ಗದ ಶಾಲೆಗಳ ಗತಿ? ಅಮೆರಿಕದಲ್ಲಿ ಶಾಲೆಗಳಿಗೆ ಬಹಳಷ್ಟು ಹಣ ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಸಿರಿವಂತರ ಬಡಾವಣೆಗೆ ಸಿರಿವಂತ ಶಾಲೆ, ಬಡವರ ಬಡಾವಣೆಗೆ ಬಡ ಶಾಲೆ ಎಂದು ಅಲ್ಲಿ ದಶಕಗಳಿಂದ ಕೋರ್ಟು ಕಚೇರಿ ಅಲೆದಿದ್ದಾರೆ. ನಾವು ದಾನಿಗಳನ್ನು ನೆಚ್ಚಿಕೊಂಡು ಅದೇ ದಾರಿಗೆ ಸದ್ದಿಲ್ಲದೆ ಹೊರಳುತ್ತಿದ್ದೇವೆ.

ಹಾಗೆಂದು ದಾನವೇ ಬೇಡ ಎನ್ನುವ ಹಟವೂ ಸಲ್ಲದು. 2024ರ ಸೆಪ್ಟೆಂಬರಿನಿಂದ ಶಾಲಾ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತಿದೆ. ಎರಡು ದಿನದ್ದು ಸರ್ಕಾರದ ಹಣ, ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದು, ಮೂರು ವರ್ಷಕ್ಕೆ ಸುಮಾರು 1,500 ಕೋಟಿ. ಈ ದಾನ ಗೊಟ್ಟಿಗೆರೆಗೂ ದೇವದುರ್ಗಕ್ಕೂ ಒಂದೇ ಸಮ ಹಂಚಿಕೆಯಾಗುತ್ತದೆ, ಅದೇ ಅದರ ಹೆಚ್ಚುಗಾರಿಕೆ. ಮೂರು ವರ್ಷ ಮುಗಿದ ಮೇಲೆ ಏನು ಎಂಬ ಪ್ರಶ್ನೆ ಮಾತ್ರ ಇದ್ದೇ ಇದೆ.

ಬಿಸಿಯೂಟದಲ್ಲೇ ಕಲಿಯುವಂಥ ಇನ್ನೊಂದು ಸಂಗತಿ ಇದೆ. ಬೇಳೆ, ತರಕಾರಿ, ಎಣ್ಣೆಯ ವೆಚ್ಚಕ್ಕೆ ಮಗುವಿಗೆ ದಿನಕ್ಕೆ ಇಷ್ಟು ಎಂದು ಕೇಂದ್ರ ನಿಗದಿ ಮಾಡುತ್ತದೆ. 2025ರ ಮೇ ತಿಂಗಳಿಂದ ಅದು ಕಿರಿಯ ಮಕ್ಕಳಿಗೆ 6 ರೂಪಾಯಿ 78 ಪೈಸೆ, ಹಿರಿಯ ಮಕ್ಕಳಿಗೆ 10 ರೂಪಾಯಿ 17 ಪೈಸೆ. ಕಡಿಮೆಯೇ, ಒಪ್ಪೋಣ. ಆದರೆ ಕಾರ್ಮಿಕ ಬ್ಯೂರೋ ಕೊಡುವ ಬೆಲೆ ಸೂಚ್ಯಂಕ ನೋಡಿಕೊಂಡು ಈ ದರವನ್ನು ಆಗಾಗ ಏರಿಸುತ್ತಾರೆ. ಬೇಳೆಗೆ ಸೂಚ್ಯಂಕ ಇರಬಹುದಾದರೆ ಪೊರಕೆಗೆ ಯಾಕಿರಬಾರದು? ಶಾಲಾ ಅನುದಾನ, ಶೂ ದರಗಳನ್ನೂ ಹಾಗೇ ಬೆಲೆಗೆ ಕಟ್ಟಿಹಾಕಿದರೆ, ಪ್ರತಿ ಸಲವೂ ಯಾರಾದರೂ ಮನವಿಪತ್ರ ಹಿಡಿದು ವಿಧಾನಸೌಧದ ಮೆಟ್ಟಿಲು ಹತ್ತುವುದು ತಪ್ಪುತ್ತದೆ. ಅತಿಥಿ ಶಿಕ್ಷಕರ ಗೌರವಧನವೂ ಅಷ್ಟೆ. 2025-26ರ ಬಜೆಟ್ಟಿನಲ್ಲಿ 2,000 ರೂಪಾಯಿ ಏರಿ ಪ್ರಾಥಮಿಕ ಶಾಲೆಯಲ್ಲಿ 12 ಸಾವಿರಕ್ಕೆ ಬಂತು. ಬೀದರಿನಲ್ಲೂ 12 ಸಾವಿರ, ಗೊಟ್ಟಿಗೆರೆಯಲ್ಲೂ 12 ಸಾವಿರ. ಇಲ್ಲಿ ಮನೆ ಬಾಡಿಗೆ ಕಟ್ಟಿದ ಮೇಲೆ ಕೈಯಲ್ಲಿ ಎಷ್ಟು ಉಳಿದೀತು?

ಕೊನೆಯದಾಗಿ, ಪೋಷಕರು ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿ ಒಂದು ಶಾಲಾ ಅಭಿವೃದ್ಧಿ ಯೋಜನೆ ಬರೆಯಬೇಕು. ಸರ್ಕಾರ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರವಾಗಬೇಕು ಎಂದು ಕಾಯ್ದೆಯಲ್ಲೇ ಇದೆ. ಎಷ್ಟು ನಲ್ಲಿ ಬೇಕು, ತೊಳೆಯುವವರಿಗೆ ತಿಂಗಳಿಗೆ ಎಷ್ಟು ಕೂಲಿ, ಯಾವ ಕೋಣೆ ಸೋರುತ್ತದೆ ಎಂಬುದನ್ನು ಬೆಲೆ ಸಮೇತ ಅದರಲ್ಲಿ ಬರೆಯಬಹುದು. ಬಜೆಟ್ ತಯಾರಿಗೆ ಮೊದಲೇ, ಡಿಸೆಂಬರಿನೊಳಗೆ ಅದನ್ನು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದೆ ಯಾರಾದರೂ ಹಣವಿಲ್ಲ ಎಂದರೆ, ಎಷ್ಟಕ್ಕೆ ಇಲ್ಲ ಎಂದು ಕೇಳಲು ಕೈಯಲ್ಲಿ ಕಾಗದವಿರುತ್ತದೆ. ಸಭೆಯನ್ನು ಮಾತ್ರ ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಇಡಬೇಡಿ. ಕಟ್ಟಡ ಕೆಲಸಕ್ಕೆ ಹೋಗುವ ಅಪ್ಪ, ಮನೆಗೆಲಸಕ್ಕೆ ಹೋಗುವ ಅಮ್ಮ ಭಾನುವಾರ ಸಂಜೆಯಾದರೆ ಬರುತ್ತಾರೆ.