ರಾತ್ರಿಯ ಮೂತ್ರಬಾಧೆಯೂ ಹಾರ್ಮೋನು ಮಾತ್ರೆಯೂ
(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನದ ವಿಷಯ ಸಭೆಯಲ್ಲಿ ಆಡಲು ಸ್ವಲ್ಪ ಸಂಕೋಚದ್ದು. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದು, ಕೆಮ್ಮಿದರೆ ಸೀರೆ ಒದ್ದೆಯಾಗುವುದು, ಬಚ್ಚಲಿಗೆ ಹೋಗುವಷ್ಟರಲ್ಲಿ ತಡೆಯಲಾಗದಿರುವುದು. "ವಯಸ್ಸಾಯಿತು, ಇನ್ನೇನು" ಎಂದು ಹಿರಿಯರು ಸುಮ್ಮನಿರುತ್ತಾರೆ. ಕತ್ತಲಲ್ಲಿ ಹೊಸ್ತಿಲು ಎಡವಿ ಸೊಂಟದ ಮೂಳೆ ಮುರಿದ ಮೇಲೆ ಆಸ್ಪತ್ರೆಗೆ ಬರುವವರೂ ಉಂಟು. ಆದುದರಿಂದ ಸಂಕೋಚ ಬಿಟ್ಟು ಕೇಳಿರಿ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಬೆಳೆಗಾರರಿಗೆ ಹಾರ್ಮೋನು ಹೊಸದೇನಲ್ಲ. ಹುಳ ಹಣ್ಣಾಗತೊಡಗಿದಾಗ 'ಸಂಪೂರ್ಣ'ವನ್ನು ನೀರಿಗೆ ಬೆರೆಸಿ ಸೊಪ್ಪಿಗೆ ಚಿಮುಕಿಸುತ್ತೀರಿ. ಹಿಂದುಮುಂದಾಗಿದ್ದ ಹುಳಗಳು ಹೆಚ್ಚುಕಡಿಮೆ ಒಟ್ಟಿಗೆ ಚಂದ್ರಿಕೆಗೆ ಸಿದ್ಧವಾಗುತ್ತವೆ. ಅದನ್ನೇ ಮುಂಚಿತವಾಗಿ ಕೊಟ್ಟರೆ ಗೂಡು ಹಗುರವಾಗುತ್ತದೆ. ತೊಟ್ಟಿನಷ್ಟು ಸಾಕು, ಹೊತ್ತು ತಪ್ಪಬಾರದು. ಮನುಷ್ಯನ ಮೈಯಲ್ಲಿಯೂ ಹಾಗೆಯೇ.

ಮಿದುಳಿನ ಬುಡದ ಒಂದು ಸಣ್ಣ ಗ್ರಂಥಿಯಿಂದ ವಾಸೊಪ್ರೆಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಕೆರೆಯ ತೂಬನ್ನು ಇಳಿಸಿದಂತೆ ಅದು ಮೂತ್ರಪಿಂಡಗಳಿಂದ ನೀರು ಹೊರಹೋಗುವುದನ್ನು ತಗ್ಗಿಸುತ್ತದೆ. ಪ್ರಾಯದಲ್ಲಿ ಇದು ರಾತ್ರಿ ಹೆಚ್ಚುತ್ತದೆ. ಆದ್ದರಿಂದಲೇ ಬೆಳಗಿನವರೆಗೆ ನಿದ್ದೆ. ವಯಸ್ಸಾದಂತೆ ಹಲವರಲ್ಲಿ ಈ ಏರಿಕೆ ಕುಗ್ಗುತ್ತದೆ. ಅದರ ಬದಲಿಗೆ ಡೆಸ್ಮೊಪ್ರೆಸಿನ್ ಎಂಬ ಮಾತ್ರೆ ಇದೆ. ತಕ್ಕವರಿಗೆ ಕೊಟ್ಟರೆ ರಾತ್ರಿ ಏಳುವುದು ಕಡಿಮೆಯಾಗುತ್ತದೆ.

ಆದರೆ ತೂಬು ಇಳಿಸಿ ಮೇಲಿನಿಂದ ನೀರು ಬಿಡುತ್ತಲೇ ಇದ್ದರೆ ಕಟ್ಟೆಯ ಗತಿಯೇನು? ಈ ಮಾತ್ರೆ ನುಂಗಿ ಚೊಂಬುಗಟ್ಟಲೆ ನೀರು ಕುಡಿದರೆ ರಕ್ತದ ಉಪ್ಪಿನಂಶ ತೆಳುವಾಗುತ್ತದೆ. ಮೊದಲು ತಲೆನೋವು, ಓಕರಿಕೆ. ಆಮೇಲೆ ಮಂಕು, ಮಾತು ತಡವರಿಸುವುದು, ಕಡೆಗೆ ಫಿಟ್ಸು. 65 ದಾಟಿದವರಿಗೆ ಈ ಭಯ ಹೆಚ್ಚು. ಮಾತ್ರೆಗೆ ಒಂದು ಗಂಟೆ ಮುಂಚಿನಿಂದ ಎಂಟು ಗಂಟೆ ನಂತರದವರೆಗೆ ನೀರು, ಮಜ್ಜಿಗೆ, ಕಾಫಿ ಎಲ್ಲವೂ ಮಿತವಾಗಿರಬೇಕು. ಶುರುಮಾಡುವ ಮೊದಲು, ಮೊದಲನೆಯ ವಾರದಲ್ಲಿ, ಮತ್ತೆ ತಿಂಗಳ ಸುಮಾರಿಗೆ ರಕ್ತದ ಸೋಡಿಯಂ ಪರೀಕ್ಷೆ ಆಗಬೇಕು. ಹೃದಯದ ಬಲ ಕುಂದಿದವರಿಗೂ ನೀರಿಳಿಸುವ ಮಾತ್ರೆ ನುಂಗುವವರಿಗೂ ಇದು ಸಲ್ಲದು. ಪಕ್ಕದ ಮನೆಯವರಿಗೆ ಗುಣವಾಯಿತೆಂದು ಚೀಟಿಯಿಲ್ಲದೆ ಅಂಗಡಿಯಿಂದ ತರುವ ಮಾತ್ರೆ ಇದಲ್ಲ.

ತಾಯಂದಿರೇ, ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ತಗ್ಗಿ, ಮೂತ್ರದ್ವಾರದ ಸುತ್ತಲಿನ ಚರ್ಮ ತೆಳುವಾಗಿ ಒಣಗುತ್ತದೆ. ಉರಿ, ಅವಸರ, ಪದೇಪದೇ ಸೋಂಕು ಬರುವುದು ಇದರಿಂದಲೂ ಹೌದು. ಯೋನಿಯೊಳಗೆ ಹಚ್ಚುವ ಈಸ್ಟ್ರೋಜನ್ ಮುಲಾಮಿನಿಂದ ಅನೇಕರಿಗೆ ಉಪಶಮನವಾಗುತ್ತದೆ. ಅದೇ ಹಾರ್ಮೋನನ್ನು ನುಂಗಿದರೆ ಫಲವೇ ಬೇರೆ! ಅಮೆರಿಕದಲ್ಲಿ 27,000ಕ್ಕೂ ಹೆಚ್ಚು ಹೆಂಗಸರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ವರದಿಯಂತೆ, ಹಾರ್ಮೋನು ಮಾತ್ರೆ ನುಂಗಿದವರಲ್ಲಿ ಮೂತ್ರ ಸೋರುವುದು ಹೆಚ್ಚಾಯಿತು. ಸ್ತನದ ಕ್ಯಾನ್ಸರ್ ಆಗಿದ್ದವರು ಮುಲಾಮಿಗೂ ವೈದ್ಯರನ್ನು ಕೇಳಲೇಬೇಕು.

ಇನ್ನೊಂದು ಮಾತು. ಮಂಡಿನೋವಿಗೆ, ಉಬ್ಬಸಕ್ಕೆ ನುಂಗುವ ಸ್ಟೀರಾಯ್ಡ್ ಕೂಡ ಹಾರ್ಮೋನಿನ ಜಾತಿಯದೇ. ಅದರಿಂದ ಸಕ್ಕರೆ ಏರಿದರೆ ಮೂತ್ರ ಹೆಚ್ಚುತ್ತದೆ. ಬಹಳ ದಿನ ನುಂಗಿದವರು ಹೆದರಿ ಥಟ್ಟನೆ ನಿಲ್ಲಿಸಬಾರದು, ಪ್ರಾಣಕ್ಕೆ ಅಪಾಯ. ವೈದ್ಯರೇ ಮೆಲ್ಲಗೆ ಇಳಿಸಬೇಕು.

ರಾತ್ರಿ ಏಳುವುದಕ್ಕೆಲ್ಲ ಹಾರ್ಮೋನೇ ಕಾರಣವಲ್ಲವಷ್ಟೆ. ಸಕ್ಕರೆ ಕಾಯಿಲೆ, ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿಯ ಊತ, ಸಂಜೆ ನುಂಗಿದ ರಕ್ತದೊತ್ತಡದ ಮಾತ್ರೆ, ಹಗಲೆಲ್ಲ ನಿಂತು ಕಾಲಿಗಿಳಿದ ನೀರು, ಇವೂ ಇವೆ. ಅದಕ್ಕೊಂದು ಸುಲಭವಾದ ಲೆಕ್ಕವಿದೆ. ಅಳತೆಗೆ ಒಂದು ಹಳೆಯ ಡಬ್ಬಿ ಇಟ್ಟುಕೊಳ್ಳಿ. ಮೂರು ದಿನ, ಎಷ್ಟು ಹೊತ್ತಿಗೆ ಎಷ್ಟು ಹೋಯಿತು, ಎಷ್ಟು ಕುಡಿದಿರಿ ಎಂಬುದನ್ನು ಮಕ್ಕಳ ಕೈಲಿ ಬರೆಸಿ. ದಿನದ ಒಟ್ಟು ಮೂತ್ರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ರಾತ್ರಿಯೇ ಹೋಗುತ್ತಿದ್ದರೆ ವೈದ್ಯರಿಗೆ ಅದು ದೊಡ್ಡ ಸುಳುಹು. ಆ ಚೀಟಿಯನ್ನೂ ನೀವು ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ತಾಲ್ಲೂಕು ಆಸ್ಪತ್ರೆಗೋ, ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗೋ ಹೋಗಿ. ಅಲ್ಲಿಯವರೆಗೆ ಹಾಸಿಗೆಯ ಬಳಿ ಒಂದು ಟಾರ್ಚೂ ಒಂದು ಮುಚ್ಚಳದ ಪಾತ್ರೆಯೂ ಇರಲಿ.