ಉಪಕಾರಸ್ಮರಣೆಯೂ ಸ್ಥೈರ್ಯವೂ



ಗಡಿನಾಡಿನ ಸಭೆಗಳಲ್ಲಿ ಅನ್ಯಾಯದ ಮಾತೇ ಹೆಚ್ಚಾಗಿ ಕೇಳಿಬರುವುದು ಸಹಜವೇ ಸರಿ. 1956ನೆಯ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅಕ್ಕಲಕೋಟೆ, ಜತ್ತ, ಸೊಲ್ಲಾಪುರ, ಕಾಸರಗೋಡುಗಳ ಕನ್ನಡಿಗರು ಹೊರಗುಳಿದರು. 1967ರಲ್ಲಿ ಮಹಾಜನ ಆಯೋಗವು ಈ ಪ್ರದೇಶಗಳ ಬಹುಭಾಗದ ವಿಷಯದಲ್ಲಿ ನಮಗೆ ಅನುಕೂಲವಾದ ಶಿಫಾರಸನ್ನೇ ಮಾಡಿತಾದರೂ ಅದು ಕಾರ್ಯರೂಪಕ್ಕೆ ಬರಲಿಲ್ಲ. ಈ ನೋವನ್ನು ಮರೆಯಿರೆಂದು ಹೇಳಲು ನಾವು ಇಲ್ಲಿ ನಿಂತಿಲ್ಲ. ಆದರೆ ನೋವೊಂದನ್ನೇ ಬಂಡವಾಳ ಮಾಡಿಕೊಂಡ ಮುಂದಾಳ್ತನವು ಬಹುಕಾಲ ಬಾಳುವುದಿಲ್ಲ. ಮೊದಲು ಅದು ಹೊರಗಿನವರನ್ನು ದೂರುತ್ತದೆ. ಬಳಿಕ ಜೊತೆಗಾರರನ್ನು ದೂರುತ್ತದೆ. ಕಡೆಗೆ ಬರಿಯ ಕುರ್ಚಿಗಳ ಮುಂದೆ ಮಾತಾಡುತ್ತದೆ. ಆದಕಾರಣ ಉಪಕಾರಸ್ಮರಣೆ, ಸ್ಥೈರ್ಯ ಎಂಬೆರಡು ಗುಣಗಳನ್ನು ಕುರಿತು ಇಂದು ತಮ್ಮೊಡನೆ ವಿಚಾರ ಮಾಡಬಯಸುತ್ತೇವೆ.

ಎರೆನೆಲದ ಒಕ್ಕಲಿಗರಾದ ತಮಗೆ ಇದನ್ನು ನಾವು ಹೊಸದಾಗಿ ಕಲಿಸಬೇಕಾದುದಿಲ್ಲ. ಹಿಂಗಾರಿ ಜೋಳವನ್ನು ನೋಡಿರಿ. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಬಿತ್ತಿದ ಆ ಪೈರು ಮುಂದೆ ಮಳೆ ಬಂದೀತೆಂಬ ಭರವಸೆಯಿಂದ ಬೆಳೆಯುವುದಿಲ್ಲ. ಕರಿಮಣ್ಣು ತನ್ನೊಡಲಲ್ಲಿ ಹಿಡಿದಿಟ್ಟ ತೇವವನ್ನು ಬೇರಿನಿಂದ ಅರಸಿ ಬೆಳೆಯುತ್ತದೆ. ಅದಿನ್ನೂ ಹೊಲದಲ್ಲಿ ನಿಂತಿರುವಾಗಲೇ ಎಳ್ಳಮವಾಸ್ಯೆ ಬರುತ್ತದೆ. ತಾಯಂದಿರು ಸಜ್ಜೆಯ ರೊಟ್ಟಿ, ಕಡುಬು, ಪಲ್ಯ, ಅಂಬಲಿಗಳನ್ನು ಬುಟ್ಟಿಯಲ್ಲಿಟ್ಟು ಹೊತ್ತು ತರುತ್ತಾರೆ. ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಬಂದವರೆಲ್ಲರೂ ಕೂಡಿ ಉಣ್ಣುತ್ತಾರೆ. ರಾಶಿ ಇನ್ನೂ ಕಣಕ್ಕೆ ಬಂದಿಲ್ಲ, ಕಾಳು ಕೈ ಸೇರಿಲ್ಲ, ಹಕ್ಕಿಯ ಪಾಲೆಷ್ಟು ನಮ್ಮ ಪಾಲೆಷ್ಟು ಎಂಬುದೂ ತಿಳಿದಿಲ್ಲ. ಆದರೂ ಭೂತಾಯಿಗೆ ಸಲ್ಲಬೇಕಾದುದು ಸಂದೇ ಸಲ್ಲುತ್ತದೆ. ಫಲ ಕೈಗೆ ಬಂದ ಮೇಲೆ ವಂದಿಸುವುದು ಯಾರಿಗಾದರೂ ಸಾಧ್ಯ. ಫಲಕ್ಕೆ ಮೊದಲೇ ವಂದಿಸುವವನು ಬೆಳೆ ಹೋದ ವರ್ಷವೂ ಹೊಲವನ್ನು ಬಿಟ್ಟು ಓಡುವುದಿಲ್ಲ.

ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರನ್ನು ಇಲ್ಲಿ ನೆನೆಯಬೇಕು. 1912ರಲ್ಲಿ ಜನಿಸಿದ ಆ ತಾಯಿಗೆ ದೊರೆತುದು ಮರಾಠಿ ಶಾಲೆಯ ವಿದ್ಯೆ. ಕನ್ನಡದ ಓದುಬರಹವನ್ನು ಅವರು ಸ್ವಪ್ರಯತ್ನದಿಂದ ಆಮೇಲೆ ಸಂಪಾದಿಸಿಕೊಂಡರು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಶಿವಯೋಗಿ ಸಿದ್ಧರಾಮನ ಚರಿತೆಯನ್ನು, ಬೀಸುಕಲ್ಲಿನ ಮುಂದೆ ನಮ್ಮ ಹೆಂಗಸರು ಹಾಡುವ ತ್ರಿಪದಿಯಲ್ಲಿಯೇ, ಮಹಾಕಾವ್ಯವಾಗಿ ಬರೆದರು. 1974ರಲ್ಲಿ ಮಂಡ್ಯದಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದ ಮೊದಲ ಮಹಿಳೆಯೂ ಅವರೇ. ಏಕೀಕರಣಕ್ಕಾಗಿ ದುಡಿದ ಈ ತಾಯಿ ಮರಾಠಿಯ ಮೇಲೆ ಹಗೆ ಸಾಧಿಸಿದರೇ? ಇಲ್ಲ. ತಮಗೆ ಅಕ್ಷರ ಕೊಟ್ಟ ಆ ಭಾಷೆಗೆ ಶರಣರ ವಚನಗಳನ್ನು ಅನುವಾದಿಸಿಕೊಟ್ಟರು. ಸಾಲ ತೀರಿಸುವುದಕ್ಕೆ ಇದಕ್ಕಿಂತ ಗೌರವದ ಮಾರ್ಗವನ್ನು ನಾವು ಕಾಣೆವು.

ಪಡುವಣದ ಗಡಿಯಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳದೂ ಇದೇ ಬಗೆ. 1915ರಲ್ಲಿ ಜನಿಸಿ, 2015ರಲ್ಲಿ ನೂರು ತುಂಬಿದ ಮೇಲೆ ಕಣ್ಣುಮುಚ್ಚಿದ ಈ ಕವಿ ಅಧ್ಯಾಪಕರಾಗಿದ್ದರು, ಬೇಸಾಯಗಾರರಾಗಿದ್ದರು, ಬದಿಯಡ್ಕ ಪಂಚಾಯತಿಯ ಅಧ್ಯಕ್ಷರೂ ಆಗಿದ್ದರು. ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಅವರು ಬಾಳಿದ್ದು ಐವತ್ತೆಂಟು ವರ್ಷಕ್ಕೂ ಮಿಗಿಲಾದ ಕಾಲ. ಅಷ್ಟೂ ಕಾಲ ಬೇಡಿಕೆಯನ್ನು ಬಿಡಲಿಲ್ಲ. ಬೇಡಿಕೆ ಈಡೇರಲಿಲ್ಲವೆಂದು ಪಾಠ, ತೋಟ, ಲೇಖನಿಗಳನ್ನೂ ಬಿಡಲಿಲ್ಲ. ಮಲಯಾಳದ ಮಹಾಕವಿ ಕುಮಾರನ್ ಆಶಾನರ ಕಾವ್ಯವನ್ನು ಕನ್ನಡಕ್ಕೆ ತಂದವರಲ್ಲಿ ಅವರೂ ಒಬ್ಬರು. ಆತ್ಮಕಥೆಗೆ ಅವರು ಇಟ್ಟ ಹೆಸರು ‘ದುಡಿತವೇ ನನ್ನ ದೇವರು’. ದಿನದ ದುಡಿಮೆಯಿಲ್ಲದ ಸ್ಥೈರ್ಯವು ಬರಿಯ ಹಟವಾಗಿ ಬಿಡುತ್ತದೆ. ಹಟಮಾರಿಗಳು ನಮ್ಮಲ್ಲಿ ಸಾಕಷ್ಟು ಇದ್ದಾರೆ, ರೈಗಳಂಥವರು ವಿರಳ.

ಆದರೆ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಉಪಕಾರಸ್ಮರಣೆ ಬೇರೆ, ದೈನ್ಯ ಬೇರೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸತಕ್ಕದ್ದೆಂದು ಸಂವಿಧಾನದ 350-ಎ ಅನುಚ್ಛೇದವು ವಿಧಿಸುತ್ತದೆ. ಇದು 1956ರ ಏಳನೆಯ ತಿದ್ದುಪಡಿಯಿಂದ ಬಂದುದು. ಶಾಲೆಗೆ ಕನ್ನಡ ಉಪಾಧ್ಯಾಯರನ್ನು ಕೇಳುವಾಗ ನಾವು ಭಿಕ್ಷೆ ಬೇಡುತ್ತಿಲ್ಲ. ಕೊಡಬೇಕಾದುದನ್ನು ಕೊಟ್ಟ ಅಧಿಕಾರಿಗೆ ನಮಸ್ಕಾರ ಸಾಕು, ಹಾರತುರಾಯಿ ಬೇಡ. ಹಾರ ಸಲ್ಲಬೇಕಾದವರು ಬೇರೆ ಇದ್ದಾರೆ: ಕರ್ತವ್ಯದ ಹೊತ್ತು ಮುಗಿದ ಮೇಲೂ ಹಿಂದುಳಿದ ಹುಡುಗನನ್ನು ಕೂರಿಸಿಕೊಂಡು ಕಾಗುಣಿತ ತಿದ್ದಿಸುವ ಉಪಾಧ್ಯಾಯರು, ಕನ್ನಡ ಶಾಲೆಗೆ ಹೋದರೆ ಮುಂದೇನು ಎಂಬ ನೆರೆಹೊರೆಯ ಮಾತನ್ನು ದಿನವೂ ಕೇಳಿಯೂ ಮಗಳ ಕೈಗೆ ಚೀಲ ಕೊಟ್ಟು ಕಳುಹಿಸುವ ತಾಯಿ, ನಮ್ಮ ಅರ್ಜಿಯನ್ನು ಮರಾಠಿಯಲ್ಲೋ ಮಲಯಾಳದಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ತಪ್ಪಿಲ್ಲದೆ ಬರೆದುಕೊಡುವ ನೆರೆಮನೆಯವರು. ಈ ಕಡೆಯವರನ್ನು ವೇದಿಕೆಯ ಮೇಲಿಂದ ಹೆಸರಿಸಲು ನಮ್ಮ ಎಷ್ಟೋ ಮುಂದಾಳುಗಳು ಹಿಂಜರಿಯುತ್ತಾರೆ. ಹಿಂಜರಿಯಬಾರದು.

ಇದಕ್ಕೆ ಸಮಿತಿಯ ನಡಾವಳಿ ಪುಸ್ತಕವೇ ತಕ್ಕ ಸ್ಥಳ. ಠರಾವುಗಳನ್ನಷ್ಟೇ ಅಲ್ಲ, ಯಾರು ಗಾಡಿ ಕೊಟ್ಟರು, ಯಾರ ಮನೆಯಲ್ಲಿ ಅಡಿಗೆಯಾಯಿತು, ಯಾವ ಹುಡುಗರು ಜಮಖಾನೆ ಹಾಸಿದರು ಎಂಬುದನ್ನೂ ಅದರಲ್ಲಿ ಬರೆಯಿರಿ. ಮುಂದಿನ ಸಭೆಯಲ್ಲಿ ಮೊದಲು ಅದನ್ನೇ ಓದಿರಿ. ಅರ್ಜಿ ತಿರಸ್ಕೃತವಾದರೆ ತಿರಸ್ಕಾರದ ಕಾಗದವನ್ನು ಹರಿದೊಗೆಯಬೇಡಿರಿ. ತಾರೀಖನ್ನೂ ಕೊಟ್ಟ ಕಾರಣವನ್ನೂ ಅದೇ ಪುಟದಲ್ಲಿ ಕಾಣಿಸಿ, ಅದರ ಕೆಳಗೆ ಮುಂದಿನ ಅರ್ಜಿಯನ್ನು ಯಾರು, ಯಾವ ದಿನದೊಳಗೆ, ಯಾವ ಕಚೇರಿಗೆ ಒಯ್ಯತಕ್ಕದ್ದೆಂದು ಬರೆದು, ಒಯ್ಯುವವರ ರುಜು ಹಾಕಿಸಿಕೊಂಡೇ ಸಭೆಯನ್ನು ಮುಗಿಸಿರಿ.